ತಲೆಗೆ ಕರೆಂಟು

2021ರ ಎರಡನೇ ಅಲೆಯಲ್ಲಿ ನನಗೂ ಕೊರೊನಾ ಬಂತು. ಜ್ವರ ಬಿಟ್ಟಿತು, ಮಂಕು ಬಿಡಲಿಲ್ಲ. ಉಪ್ಪಾರಪೇಟೆಯ ನಮ್ಮ ಶಾಲೆ ಮತ್ತೆ ತೆರೆದ ಮೇಲೆ ಒಂದು ದಿನ ಮೊದಲ ಬೆಂಚಿನ ಹುಡುಗಿಯನ್ನು ಎಬ್ಬಿಸಬೇಕು, ಹೆಸರೇ ನಾಲಿಗೆಗೆ ಬರಲಿಲ್ಲ.

"ನಿಮ್ಹಾನ್ಸ್‌ಗೆ ಹೋಗಿ ಒಂದ್ಸಲ ತೋರಿಸ್ಕೊಂಡು ಬಾರೇ" ಎಂದಳು ಅಕ್ಕ. ನನಗೆ ನೆನಪಾದದ್ದು ಅಜ್ಜಿಯ ಮಾತು: ಅಲ್ಲಿ ತಲೆಗೆ ಕರೆಂಟು ಕೊಡ್ತಾರೆ!

ಆ ಭಯಕ್ಕೂ ಒಂದು ಚರಿತ್ರೆಯಿದೆ. 1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಹುಟ್ಟಿದ ಅಖಿಲ ಭಾರತ ಸಂಸ್ಥೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ಕರೆಂಟಿನ ಕಥೆಯೂ ಹಾಗೆಯೇ. 1938ರಲ್ಲಿ ರೋಮ್‌ನಲ್ಲಿ ಶುರುವಾದದ್ದು ಫಿಟ್ಸ್ ಬರಿಸುವ ಚಿಕಿತ್ಸೆ. ಈಗ ಅದನ್ನು ಅರಿವಳಿಕೆ ಕೊಟ್ಟೇ ಮಾಡುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆಯೇ: ತಲೆಯ ಮೇಲೆ ತಂತಿಯ ಸುರುಳಿ ಹಿಡಿದು, ಕಾಂತದ ಮಿಡಿತದಿಂದ ಮಿದುಳನ್ನು ಪ್ರಚೋದಿಸುವುದು. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತಾರೆ. ಇನ್ನೊಂದು ವಿಧಾನದಲ್ಲಿ ಹರಿಸುವುದು ಒಂದೆರಡು ಮಿಲಿಆಂಪಿಯರ್ ವಿದ್ಯುತ್ತು ಅಷ್ಟೆ. ಖಿನ್ನತೆಗೆ ಕಾಂತ ಚಿಕಿತ್ಸೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಪಡೆಯಿತು. ನಿಮ್ಹಾನ್ಸ್‌ನಲ್ಲೂ ಇವೆರಡೂ ಇವೆ. ಕೊರೊನಾ ನಂತರದ ಮಂಕಿಗೆ ಮಾತ್ರ ಇವು ಇನ್ನೂ ಪರೀಕ್ಷೆಯ ಹಂತದಲ್ಲಿವೆ.

ಅಂಜುತ್ತಲೇ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದೆ. ಡಾಕ್ಟರು ಕರೆಂಟಿನ ಮಾತೇ ಎತ್ತಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಒಂದು ಸಲಕ್ಕೆ ಒಂದೇ ಕೆಲಸ, ಕೈಯಲ್ಲೊಂದು ಡೈರಿ ಇರಲಿ ಎಂದರು. ಹೆಸರುಗಳು ಒಂದೊಂದಾಗಿ ಮರಳಿದವು.

ಈಗ ಮಕ್ಕಳು ಯಾರನ್ನಾದರೂ "ನಿಮ್ಹಾನ್ಸ್ ಕೇಸು" ಎಂದು ಗೇಲಿ ಮಾಡಿದರೆ, "ನಾನೂ ಅಲ್ಲಿಗೆ ಹೋಗಿಬಂದವಳೇ ಕಣ್ರೋ" ಎನ್ನುತ್ತೇನೆ. ತರಗತಿ ಗಪ್‌ಚಿಪ್.