ಎರಡು ಯಂತ್ರ, ಒಬ್ಬ ಮತದಾರ: 2004ರ ಸಾಕ್ಷ್ಯದ ಮರುಪರಿಶೀಲನೆ

ಕನ್ನಡಿಗರು ರಾಜ್ಯಕ್ಕೊಂದು ಪಕ್ಷ, ದಿಲ್ಲಿಗೊಂದು ಪಕ್ಷ ಎಂದು ಅಳೆದು ತೂಗಿ ಮತ ಹಾಕುತ್ತಾರೆಂಬ ಮಾತಿಗೆ ನಮ್ಮ ರಾಜಕೀಯ ಬರಹಗಾರರು ಒದಗಿಸುವ ಪುರಾವೆ ಬಹುಮಟ್ಟಿಗೆ ಒಂದೇ. 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ, 1985ರ ಮಾರ್ಚಿನಲ್ಲಿ ವಿಧಾನಸಭೆಯ 224ರಲ್ಲಿ 139 ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ. ಇದು ಸ್ಥಾನಗಳ ಲೆಕ್ಕ. ಮತಗಳ ಲೆಕ್ಕ ಬೇರೆ: ಕಾಂಗ್ರೆಸ್ಸು ಸುಮಾರು ಶೇ. 52ರಿಂದ 41ಕ್ಕೆ ಇಳಿಯಿತು, ಜನತಾ ಪಕ್ಷ 35ರಿಂದ 44ಕ್ಕೆ ಏರಿತು. ನಡುವಿನ ತಿಂಗಳುಗಳಲ್ಲಿ ಇಂದಿರಾ ಹತ್ಯೆಯ ಅನುಕಂಪವೂ ಮಾಸಿತ್ತು. ಮತದಾರರ ಜಾಣತನಕ್ಕೆ ಇದನ್ನು ರುಜುವಾತೆಂದು ನಾನು ಒಪ್ಪಲಾರೆ.

ಒಪ್ಪಬಹುದಾದ ಆಧಾರ 2004ರ ಏಪ್ರಿಲ್‌ನದು. ಅದನ್ನು ಕೈಗೆತ್ತಿಕೊಂಡವರು ಕಡಿಮೆ. ಅಂದು ಒಂದೇ ಮತಗಟ್ಟೆಯಲ್ಲಿ, ಒಂದೇ ಸರದಿಯಲ್ಲಿ ನಿಂತ ಮತದಾರ ಎರಡು ಯಂತ್ರಗಳ ಗುಂಡಿ ಒತ್ತಿದ. ವಿಧಾನಸಭೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಲೋಕಸಭೆಯಲ್ಲಿ 18, 8, 2. ಮತಪ್ರಮಾಣ ನೋಡಿ: ಬಿಜೆಪಿ ವಿಧಾನಸಭೆಗೆ ಸುಮಾರು ಶೇ. 28, ಲೋಕಸಭೆಗೆ 35. ಕಾಂಗ್ರೆಸ್ 35 ಮತ್ತು 37. ಜೆಡಿಎಸ್ ಎರಡರಲ್ಲೂ 21ರ ಆಸುಪಾಸು. ಪಕ್ಷೇತರರೂ ಸಣ್ಣ ಪಕ್ಷಗಳೂ ಸೇರಿ ವಿಧಾನಸಭೆಗೆ ಪಡೆದಿದ್ದ 16ರಷ್ಟು ಪಾಲು ಲೋಕಸಭೆಯಲ್ಲಿ ಅರ್ಧಕ್ಕೆ ಕುಸಿದಿದೆ. ಅಂದರೆ ನಿವ್ವಳ ಲೆಕ್ಕದಲ್ಲಿ ದೊಡ್ಡ ಪಕ್ಷಗಳ ನಡುವೆ ಅದಲುಬದಲು ಕಾಣುವುದಿಲ್ಲ. ಊರಿನ ಸ್ವತಂತ್ರ ಅಭ್ಯರ್ಥಿಗೆ ಬಿದ್ದ ಮತವೇ ದಿಲ್ಲಿಯ ಲೆಕ್ಕಕ್ಕೆ ಬಂದಾಗ ಪಕ್ಷದ ಕಡೆ ಸರಿದಂತಿದೆ. (ಬಿಜೆಪಿ ಕೆಲವು ಸ್ಥಾನಗಳನ್ನು ಜೆಡಿಯುಗೆ ಬಿಟ್ಟುಕೊಟ್ಟಿತ್ತು, ಅಷ್ಟು ಅಂಶವನ್ನು ಕಳೆದೇ ಓದಬೇಕು.)

ದಾವಣಗೆರೆಯನ್ನು ಉದಾಹರಿಸುವವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಆ ವರ್ಷ ನಗರದಿಂದ ಶಾಸಕರಾದವರು ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ, ಸಂಸದರಾದವರು ಬಿಜೆಪಿಯ ಜಿ.ಎಂ. ಸಿದ್ದೇಶ್ವರ. ಆದರೆ ಲೋಕಸಭಾ ಕ್ಷೇತ್ರದಲ್ಲಿ ಹರಿಹರವೂ ಸೇರಿ 8 ವಿಧಾನಸಭಾ ಕ್ಷೇತ್ರಗಳಿವೆ. ಒಟ್ಟು ಫಲಿತಾಂಶ ಹಿಡಿದು ನಗರದ ದೇವರಾಜ ಅರಸು ಬಡಾವಣೆಯ ಮತದಾರ ಎರಡು ಬಗೆಯಾಗಿ ಒತ್ತಿದನೆಂದು ಹೇಳಲು ಬರುವುದಿಲ್ಲ.

ಸಮೀಕ್ಷೆಗಳನ್ನು ಕೇಳಬಾರದೇ ಎಂದರೆ, ಲೋಕನೀತಿ–ಸಿಎಸ್‌ಡಿಎಸ್‌ನ ಮತದಾನೋತ್ತರ ಅಧ್ಯಯನಗಳ ಬಗ್ಗೆ ನನಗೆ ಗೌರವವಿದೆ. ಮತಗಟ್ಟೆ ಬಾಗಿಲಲ್ಲಿ ಅವಸರದಿಂದ ಕೇಳುವ ಎಕ್ಸಿಟ್ ಪೋಲ್‌ಗಿಂತ ಮನೆಗೆ ಹೋಗಿ ಕೂತು ಕೇಳುವ ಕ್ರಮ ಮೇಲು. ಆದರೂ ರಾಜ್ಯಮಟ್ಟದ ಮಾದರಿ ಒಂದು ಬಡಾವಣೆಯ ಮನಸ್ಸನ್ನು ತೋರಿಸದು.

ತೋರಿಸಬಲ್ಲದ್ದು ಮತಗಟ್ಟೆವಾರು ಎಣಿಕೆಯ ನಮೂನೆ 20. ಲೋಕಸಭೆಯ ನಮೂನೆಯೂ ವಿಧಾನಸಭಾ ಕ್ಷೇತ್ರವಾರು ಸಿದ್ಧವಾಗುವುದರಿಂದ, 2004ರ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದೊಂದು ಮತಗಟ್ಟೆಯ ವ್ಯತ್ಯಾಸ ಸಿಗುತ್ತದೆ. ಜಿಲ್ಲಾ ಚುನಾವಣಾ ಕಚೇರಿಗಳು ಉಳಿದಿರುವ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಸಂಶೋಧಕರಿಗೆ ತೆರೆದಿಡಲಿ. ದಾವಣಗೆರೆ, ಹರಿಹರಗಳಿಂದಲೇ ಆ ಕೆಲಸ ಶುರುವಾಗಲಿ.