ಕನ್ನಡಿಯ ಋಣ

ಡಿಎಸ್‌ಎಲ್‌ಆರ್ ಕ್ಯಾಮೆರಾದ ಬಟನ್ ಒತ್ತಿದಾಗ 'ಖಚಕ್' ಅಂತ ಸದ್ದು ಬರುತ್ತಲ್ಲ, ಅದರಲ್ಲಿ ದೊಡ್ಡ ಪಾಲು ಒಳಗಿರುವ ಕನ್ನಡಿಯದು. ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಕೂತಿರೋ ಈ ಕನ್ನಡಿ, ಬಂದ ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತೆ. ಬಟನ್ ಒತ್ತಿದ ಕೂಡಲೇ ಪಟಕ್ಕನೆ ಮೇಲೇಳುತ್ತೆ, ಬೆಳಕು ಹಿಂದಿನ ಫಿಲ್ಮ್ ಅಥವಾ ಸೆನ್ಸರ್ ಮೇಲೆ ಬೀಳುತ್ತೆ, ಕನ್ನಡಿ ಮತ್ತೆ ಕೆಳಗಿಳಿಯುತ್ತೆ. ಆ ಕ್ಷಣ ಫೋಟೋ ತೆಗೆಯುವವನಿಗೆ ಏನೂ ಕಾಣಲ್ಲ. ಅಂದ್ರೆ, ಚಿತ್ರದಲ್ಲಿ ಸಿಕ್ಕ ಆ ಒಂದು ಕ್ಷಣ ಬಿಟ್ಟು ಉಳಿದದ್ದನ್ನೆಲ್ಲ ಅವನು ನೋಡಿರ್ತಾನೆ!

ಇಷ್ಟು ಸರ್ಕಸ್ ಯಾಕೆ ಬೇಕಿತ್ತು? ಫಿಲ್ಮ್ ಕತ್ತಲಲ್ಲೇ ಇರಬೇಕು. ಬೆಳಕು ತಾಗಿದರೆ ಮುಗೀತು, ಅದಕ್ಕೆ ಒಂದೇ ಅವಕಾಶ. ಅದು ಚಿತ್ರವನ್ನು ಹಿಡಿಯಬಲ್ಲದೇ ಹೊರತು ಮೊದಲೇ ತೋರಿಸಲಾರದು. ಹಾಗಾಗಿ ಲೆನ್ಸ್ ಏನು ನೋಡ್ತಿದೆ ಅನ್ನೋದನ್ನ ತಿಳಿಯೋಕೆ ಬೇರೆ ದಾರಿ ಬೇಕಾಯಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಕನ್ನಡಿ ಒಂದು ವರ್ಕ್‌ಅರೌಂಡ್.

ಆದರೆ ಎಂಥಾ ವರ್ಕ್‌ಅರೌಂಡ್ ನೋಡಿ! ಇದು ಛಾಯಾಗ್ರಹಣಕ್ಕಿಂತ ಹಳೆಯದು. ಜರ್ಮನಿಯ ಯೋಹಾನ್ ಝಾನ್ 1685ರಲ್ಲೇ ಕನ್ನಡಿಯಿರುವ ಪೆಟ್ಟಿಗೆಯನ್ನು ವಿವರಿಸಿದ್ದ. ಆಗಿನ್ನೂ ಚಿತ್ರ ಹಿಡಿಯೋ ರಸಾಯನ ಇರಲಿಲ್ಲ, ಗಾಜಿನ ಮೇಲೆ ಮೂಡಿದ ಬಿಂಬವನ್ನು ಕೈಯಲ್ಲೇ ಬಿಡಿಸಿಕೊಳ್ಳಬೇಕಿತ್ತು. 1861ರಲ್ಲಿ ಇಂಗ್ಲೆಂಡಿನ ಥಾಮಸ್ ಸಟನ್ ಒಂದೇ ಲೆನ್ಸಿನ ರಿಫ್ಲೆಕ್ಸ್ ಕ್ಯಾಮೆರಾಗೆ ಪೇಟೆಂಟ್ ಪಡೆದ. 1936ರಲ್ಲಿ ಡ್ರೆಸ್ಡೆನ್‌ನಿಂದ 35 ಮಿ.ಮೀ. ಫಿಲ್ಮಿನ ಕಿನೆ ಎಕ್ಸಾಕ್ಟಾ ಬಂತು. ಅದರಲ್ಲಿ ತಲೆ ತಗ್ಗಿಸಿ ಮೇಲಿನಿಂದ ನೋಡಬೇಕಿತ್ತು, ಎಡ ಬಲ ಅದಲುಬದಲು. 1949ರಲ್ಲಿ ಅದೇ ಊರಿನ ಕಾಂಟ್ಯಾಕ್ಸ್ ಎಸ್ ಐದು ಮೂಲೆಯ ಪ್ರಿಸಂ ಸೇರಿಸಿ ಅದನ್ನೂ ಸರಿಮಾಡಿತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್ ಕ್ಯಾಮೆರಾದ ಕನ್ನಡಿ ಮೇಲೆದ್ದು ತಕ್ಷಣ ತಾನೇ ಕೆಳಗಿಳಿಯತೊಡಗಿತು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರು ಒಬ್ಬೊಬ್ಬರಾಗಿ ರಿಫ್ಲೆಕ್ಸ್ ಕಡೆ ತಿರುಗಿದರು.

ನಾನು ಹಳ್ಳಿಯವನು. ನಾನು ನೋಡಿದ ಮೊದಲ ಕ್ಯಾಮೆರಾ ನಮ್ಮೂರ ಹತ್ತಿರದ ಸ್ಟುಡಿಯೋದಲ್ಲಿದ್ದ ಎರಡು ಕಣ್ಣಿನ ಯಾಶಿಕಾ. ಒಂದು ಕಣ್ಣು ನೋಡೋಕೆ, ಇನ್ನೊಂದು ಹಿಡಿಯೋಕೆ. ಅದರಲ್ಲೂ ಕನ್ನಡಿ ಇತ್ತು, ಆದರೆ ಅಲುಗಾಡ್ತಾ ಇರಲಿಲ್ಲ. ಒಂದು ರೋಲಿಗೆ 12 ಫೋಟೋ ಅಷ್ಟೇ. ಅದಕ್ಕೇ ನಮ್ಮಜ್ಜಿ ಕಾಲದವರು ಎಲ್ಲ ಫೋಟೋಗಳಲ್ಲೂ ಉಸಿರು ಬಿಗಿ ಹಿಡಿದು ನಿಂತಿರ್ತಾರೆ!

ಇನ್ನು ಅಸಲಿ ವಿಷಯಕ್ಕೆ ಬರೋಣ. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3ಗೆ ಡಿಜಿಟಲ್ ಸೆನ್ಸರ್ ಜೋಡಿಸಿ ಮಾರಿತು. ಫಿಲ್ಮ್ ಇದ್ದ ಜಾಗಕ್ಕೆ ಸೆನ್ಸರ್ ಬಂತು, ಉಳಿದದ್ದೆಲ್ಲ ಯಥಾಪ್ರಕಾರ. ಸೆನ್ಸರ್ ಫಿಲ್ಮ್‌ನಂತಲ್ಲ, ಎಷ್ಟು ಸಲ ಬೇಕಾದರೂ ನೋಡಿ ತೋರಿಸಬಲ್ಲದು. ತಾತ್ವಿಕವಾಗಿ ಅವತ್ತೇ ಕನ್ನಡಿಯ ಕೆಲಸ ಹೋಯ್ತು. ಆದರೂ ಪ್ಯಾನಾಸೋನಿಕ್ ಜಿ1 ಬರೋಕೆ 2008 ಆಗಬೇಕಾಯ್ತು. ಲೆನ್ಸ್ ಬದಲಿಸಬಹುದಾದ ಆ ಕ್ಯಾಮೆರಾ ಕನ್ನಡಿಯನ್ನು ಕಿತ್ತುಹಾಕಿ, ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ಕಣ್ಣಿಗೆ ತೋರಿಸಿತು.

ಅಲ್ಲಿಗೆ 17 ವರ್ಷ. ಇಷ್ಟು ತಡ ಯಾಕೆ? ಅಷ್ಟರಲ್ಲಿ ಕನ್ನಡಿಯ ಮೇಲೆ ಬೇರೆ ಕೆಲಸಗಳೂ ಬಿದ್ದಿದ್ದವು. ಡಿಎಸ್‌ಎಲ್‌ಆರ್‌ನ ವೇಗದ ಆಟೋಫೋಕಸ್‌ಗೆ ಬೆಳಕು ಹೋಗೋದು ಆ ಕನ್ನಡಿಯ ಮೂಲಕವೇ. ಅದನ್ನು ತೆಗೆದಾಗ ಮೊದಮೊದಲ ಮಿರರ್‌ಲೆಸ್‌ಗಳು ಓಡುವ ಮಗುವಿನ ಮೇಲೆ ಫೋಕಸ್ ಮಾಡೋಕೆ ಹಿಂದೆ ಮುಂದೆ ತಡಕಾಡ್ತಿದ್ದವು. ಮುಂದೆ ಆ ಕೆಲಸವನ್ನು ಸೆನ್ಸರ್ ಒಳಗೇ ತಂದರು. ಬ್ಯಾಟರಿಯ ಕಷ್ಟ ಬೇರೆ. 2013ರ ಸೋನಿ ಎ7 ಒಂದು ಚಾರ್ಜಿಗೆ ಸುಮಾರು 340 ಫೋಟೋ ತೆಗೆದರೆ, 2017ರ ಡಿಎಸ್‌ಎಲ್‌ಆರ್ ನಿಕಾನ್ ಡಿ850 ತೆಗೀತಿದ್ದದ್ದು 1840. ನಾವು ಹಳೇ ಕೋಡ್ ತೆಗೆಯೋಕೆ ಹೋದಾಗ ಆಗೋದೂ ಇದೇ ತಾನೇ? ಯಾಕೆ ಬರೆದಿದ್ದರೋ ಆ ಕಾರಣ ಸತ್ತು ಎಷ್ಟೋ ಕಾಲ ಆಗಿರುತ್ತೆ, ಆದರೆ ಅದರ ಮೇಲೆ ಹತ್ತು ವಿಷಯಗಳು ಒರಗಿ ನಿಂತಿರುತ್ತವೆ.

2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಪೂರ್ಣ ಗಾತ್ರದ ಸೆನ್ಸರ್ ಇರೋ ಮಿರರ್‌ಲೆಸ್ ತಂದವು. 2020ರ ಹೊತ್ತಿಗೆ ಜಪಾನಿ ಕಂಪನಿಗಳು ಕಳಿಸಿದ ಕ್ಯಾಮೆರಾಗಳಲ್ಲಿ ಮಿರರ್‌ಲೆಸ್ ಸಂಖ್ಯೆ ಡಿಎಸ್‌ಎಲ್‌ಆರ್‌ಗಳನ್ನು ದಾಟಿತು. 2021ರ ನಿಕಾನ್ ಝಡ್9ರಲ್ಲಂತೂ ಯಾಂತ್ರಿಕ ಶಟರ್ರೂ ಇಲ್ಲ. ಸದ್ದು ಬೇಕಂದ್ರೆ ಸ್ಪೀಕರ್‌ನಿಂದ ಬರುತ್ತೆ!

ಹಾಗಾದರೆ ಇತಿಹಾಸದ ತೀರ್ಪು ಸ್ಪಷ್ಟ. ಆದರೆ ನಮ್ಮ ತಾಲ್ಲೂಕಿನಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನಿಗೆ ಇದು ಇತಿಹಾಸ ಅಲ್ಲ, ಇಎಂಐ. ಸಾಲ ಮಾಡಿ ಕೊಂಡ ನಿಕಾನ್ ಡಿಎಸ್‌ಎಲ್‌ಆರ್‌ಗೆ ಈಗ ಮಾರಿದರೆ ಅರ್ಧ ಬೆಲೆಯೂ ಸಿಗಲ್ಲ. ಬುಕಿಂಗ್‌ಗೆ ಬಂದ ಹುಡುಗಿಯ ಅಣ್ಣ "ಮಿರರ್‌ಲೆಸ್ ತಾನೇ?" ಅಂತ ಕೇಳಿ ರೇಟು ಇಳಿಸ್ತಾನೆ. ಹೊಸ ಬಾಡಿ ತಗೊಂಡು ಅಡಾಪ್ಟರ್ ಹಾಕಿದರೂ, ಬಾಡಿಯ ಮೋಟರಿನಿಂದ ತಿರುಗೋ ಅವನ ಹಳೇ 50 ಮಿ.ಮೀ. ಲೆನ್ಸಿಗೆ ಕಂಪನಿಯ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಇರಲ್ಲ. ಕೈಯಿಂದಲೇ ತಿರುಗಿಸಬೇಕು.

ಅವನಿಗೆ ನಾನು ಹೇಳಿದ್ದು ಇಷ್ಟೇ. ಧಾರೆಯ ಹೊತ್ತಲ್ಲಿ ಸದ್ದಿಲ್ಲದೆ ತೆಗೆಯೋದು, ಕಣ್ಣಿನ ಮೇಲೆ ತಾನೇ ಫೋಕಸ್ ಹಿಡಿಯೋದು, ಬೆಳಕು ಹೆಚ್ಚೋ ಕಮ್ಮಿಯೋ ಅಂತ ಮೊದಲೇ ಕಾಣೋದು, ಇವೆಲ್ಲ ನಿಜವಾದ ಲಾಭ. ಮುಂದಿನ ಕ್ಯಾಮೆರಾ ಮಿರರ್‌ಲೆಸ್ಸೇ ಆಗಲಿ. ಆದರೆ ಈಗಿನದು ಕೆಲಸ ಮಾಡ್ತಿರೋವರೆಗೂ, ಸಾಲ ತೀರೋವರೆಗೂ, ಬದಲಿಸಬೇಡ. ಆಲ್ಬಂ ತಿರುವಿ ಹಾಕೋ ಅತ್ತೆ ಮಾವಂದಿರಿಗೆ ಒಳಗೆ ಕನ್ನಡಿ ಇತ್ತೋ ಇಲ್ಲವೋ ಗೊತ್ತಾಗಲ್ಲ. ಮಗಳು ಬೀಳ್ಕೊಡುವಾಗ ಅತ್ತ ಫೋಟೋ ಇದೆಯೋ ಇಲ್ಲವೋ ಅನ್ನೋದು ಮಾತ್ರ ಗೊತ್ತಾಗುತ್ತೆ.