ಕುರ್ಚಿಯಿಂದ ಕಟಕಟೆಗೆ

ಸಂವಿಧಾನದ 361ನೇ ವಿಧಿ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಟ್ಟಿರುವುದು ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಮಾತ್ರ, ಅದೂ ಅವರು ಹುದ್ದೆಯಲ್ಲಿರುವವರೆಗೆ. ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಅಂಥ ರಕ್ಷಣೆಯಿಲ್ಲ. ಆದರೂ ಅಧಿಕಾರಸ್ಥರನ್ನು ಕಟಕಟೆಗೆ ತರುವುದು ದಶಕಗಳ ಕಾಲ ದುಸ್ಸಾಧ್ಯವಾಗಿತ್ತು. ಮೊಕದ್ದಮೆ ಹೂಡಲು ಪೂರ್ವಾನುಮತಿ ಬೇಕೆಂಬ ನಿಯಮವೇ ಇದಕ್ಕೆ ಮುಖ್ಯ ಕಾರಣ.

ಈ ನಿಯಮ ಮೊದಲು ಗಟ್ಟಿಯಾಗಿ ಒರೆಗೆ ಬಿದ್ದದ್ದು ಮಹಾರಾಷ್ಟ್ರದ ಎ.ಆರ್. ಅಂತುಳೆ ಪ್ರಕರಣದಲ್ಲಿ. ಸಿಮೆಂಟ್ ಹಂಚಿಕೆಗೆ ಪ್ರತಿಯಾಗಿ ಟ್ರಸ್ಟ್‌ಗೆ ದೇಣಿಗೆ ಪಡೆದ ಆರೋಪ ಹೊತ್ತು ಅವರು 1982ರಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು. ದುರುಪಯೋಗವಾಯಿತೆನ್ನಲಾದ ಹುದ್ದೆಯನ್ನು ಬಿಟ್ಟ ಮೇಲೆ ಅನುಮತಿಯ ಅಗತ್ಯವಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು.

ಎರಡನೆಯ ಅಡ್ಡಿ ಸಂಸದರ ವಿಶೇಷ ಹಕ್ಕು. 1993ರಲ್ಲಿ ನರಸಿಂಹ ರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ ಗೊತ್ತುವಳಿಯ ವೇಳೆ ಲಂಚ ಪಡೆದು ಮತ ಹಾಕಿದ ಆರೋಪ ಹೊತ್ತ ಸಂಸದರಿಗೆ 1998ರ ತೀರ್ಪು ರಕ್ಷಣೆ ನೀಡಿತು. ಆದರೆ ಲಂಚ ಕೊಟ್ಟವರ ಮೇಲೆ ವಿಚಾರಣೆ ನಡೆಯಬಹುದಿತ್ತು. ನ್ಯಾಯಬುದ್ಧಿಗೆ ಒಪ್ಪದ ಈ ವ್ಯಾಖ್ಯಾನ 26 ವರ್ಷ ಬಾಳಿತು. 2024ರ ಮಾರ್ಚ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು.

ಕಾನೂನಿನ ಬಲ ಮತ್ತು ಮಿತಿ ಎರಡನ್ನೂ ಒಟ್ಟಿಗೆ ತೋರಿಸುವುದು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಪ್ರಕರಣ. 1991ರಿಂದ 1996ರವರೆಗಿನ ಆಡಳಿತಾವಧಿಯಲ್ಲಿ ಆದಾಯ ಮೀರಿ 66.65 ಕೋಟಿ ರೂಪಾಯಿಯ ಆಸ್ತಿ ಗಳಿಸಿದ್ದಾರೆಂಬ ಆರೋಪ ಅವರ ಮೇಲಿತ್ತು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ಬದಲಿಸತೊಡಗಿದರು. ಎದುರಾಳಿ ಪಕ್ಷದ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿನ ಮೊರೆಹೋದರು. 2003ರಲ್ಲಿ ವಿಚಾರಣೆ ಬೆಂಗಳೂರಿಗೆ ವರ್ಗವಾಗಿ, ಮೊಕದ್ದಮೆ ನಡೆಸುವ ಹೊಣೆ ಕರ್ನಾಟಕದ ಹೆಗಲೇರಿತು. ತಮಿಳು ದಾಖಲೆಗಳ ಅನುವಾದ, ಮುಂದೂಡಿಕೆ, ಅರ್ಜಿಗಳಲ್ಲೇ ವರ್ಷಗಳು ಕಳೆದವು. ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಅಂದೇ ಪದವಿ ಕಳೆದುಕೊಂಡು ಪರಪ್ಪನ ಅಗ್ರಹಾರ ಜೈಲು ಸೇರಿದರು. ಶಿಕ್ಷೆಗೊಳಗಾದ ಶಾಸಕರು ಮೇಲ್ಮನವಿಯ ನೆಪದಲ್ಲಿ ಸ್ಥಾನ ಉಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದ ಕಲಮನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ರದ್ದುಪಡಿಸಿರದಿದ್ದರೆ ಪದವಿ ಅಂದೇ ಹೋಗುತ್ತಿರಲಿಲ್ಲ.

2015ರಲ್ಲಿ ಕರ್ನಾಟಕ ಹೈಕೋರ್ಟ್ ಜಯಲಲಿತಾ ಮತ್ತು ಅವರ ಜೊತೆ ಶಿಕ್ಷೆಗೊಳಗಾಗಿದ್ದ ಮೂವರನ್ನೂ ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿದಾಗ ಜಯಲಲಿತಾ ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ಉಳಿದ ಮೂವರು ಜೈಲಿಗೆ ಹೋದರು. ಆರೋಪದಿಂದ ಅಂತಿಮ ತೀರ್ಪಿನವರೆಗೆ ಹಿಡಿದದ್ದು ಸುಮಾರು ಎರಡು ದಶಕ.

ಇಷ್ಟು ಕಷ್ಟದಿಂದ ತೆರವಾದ ಹಾದಿ ಮತ್ತೆ ಕಿರಿದಾಗಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹುದ್ದೆ ಬಿಟ್ಟವರ ಮೇಲಿನ ಮೊಕದ್ದಮೆಗೂ ಪೂರ್ವಾನುಮತಿ ಬೇಕು. ಅಧಿಕೃತ ನಿರ್ಧಾರಗಳ ಕುರಿತಾದರೆ 17ಎ ಕಲಮಿನಂತೆ ಪೊಲೀಸ್ ತನಿಖೆ ಆರಂಭಿಸಲೂ ಅನುಮತಿ ಪಡೆಯಬೇಕು.